ಶೂನ್ಯ ಅನ್ನಬೇಡಿ, ಸೊನ್ನೆ ಅನ್ನಿ

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ನೋಡಲು ಬಂದಾಗ ಮೊದಲು ಕೇಳುವುದು ಉಪಕರಣಗಳ ಬಗ್ಗೆ. ಶಾಖ ತೋರಿಸುವ ಕ್ಯಾಮೆರಾ ಯಾವುದು ಒಳ್ಳೆಯದು, ಇಂಗಾಲದ ಲೆಕ್ಕಕ್ಕೆ ಯಾವ ತಂತ್ರಾಂಶ, ಹೀಗೆ. ಗೊತ್ತಿದ್ದಷ್ಟು ಹೇಳುತ್ತೇನೆ. ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕಾರ್ಖಾನೆಗಳಲ್ಲಿ ಇಂಧನ ತಪಾಸಣೆ ಮಾಡುತ್ತಲೇ ನಾನು ನಿವೃತ್ತಳಾದೆ. ಎಲ್ಲಿ ಕಟ್ಟಿಗೆ ವ್ಯರ್ಥವಾಗುತ್ತಿದೆ, ಎಲ್ಲಿ ಕರೆಂಟು ಸೋರುತ್ತಿದೆ, ಎಲ್ಲಿ ಹೊಗೆ ಕಡಿಮೆ ಮಾಡಬಹುದು ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ಇಷ್ಟು ವರ್ಷಗಳಲ್ಲಿ ಉಪಕರಣ ಕೈಕೊಟ್ಟು ಕೆಲಸ ನಿಂತದ್ದು ಕಡಿಮೆ. ಒಮ್ಮೆ ಮಾತ್ರ ಒಂದೇ ಒಂದು ಕನ್ನಡ ಪದ ಇಡೀ ಯೋಜನೆಯನ್ನು ಮುಳುಗಿಸುವುದರಲ್ಲಿತ್ತು. ಅದನ್ನು ಬರೆದಿಡಬೇಕು ಅನ್ನಿಸಿದೆ.

ನಾನು ದಿನಚರಿ ಬರೆಯುವವಳು. ಹಾಗಂತ ಇಲ್ಲಿರುವುದೆಲ್ಲ ನಡೆದದ್ದು ನಡೆದ ಹಾಗೆಯೇ ಇದೆ ಎಂದು ಭರವಸೆ ಕೊಡಲಾರೆ. ದಣಿದು ಬಂದು ಬರೆದ ಪುಟಗಳಲ್ಲಿ ಎಲ್ಲರೂ ಮೂರ್ಖರಾಗಿದ್ದಾರೆ. ಊಟ ಮಾಡಿ ಬರೆದ ಪುಟಗಳಲ್ಲಿ ಎಲ್ಲರೂ ಒಳ್ಳೆಯವರಾಗಿದ್ದಾರೆ. ಮಾತುಗಳನ್ನು ನನ್ನ ಕಿವಿಗೆ ಬಿದ್ದಂತೆ ಬರೆದಿದ್ದೇನೆ. ಆಡಿದವರನ್ನು ಕೇಳಿದರೆ ಬೇರೆ ರೀತಿ ಹೇಳಬಹುದು.

ನಮ್ಮದು ಸೇಲಂ ಪೇಟೆಯ ಕನ್ನಡದ ಮನೆ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು. ಕನ್ನಡದ ಅಕ್ಷರಗಳನ್ನು ಅಪ್ಪ ಹಟ ಹಿಡಿದು ಮನೆಯಲ್ಲೇ ಕಲಿಸಿದರು. ರಸಾಯನ ಎಂಜಿನಿಯರಿಂಗ್ ಓದಿ ಈ ಕೆಲಸಕ್ಕೆ ಸೇರಿದಾಗ ಆ ಅಕ್ಷರಗಳಿಂದ ಉಪಯೋಗವಾದೀತೆಂದು ನಾನು ಅಂದುಕೊಂಡಿರಲಿಲ್ಲ. ಆಗಲೂ ಇಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ನನ್ನ ಮೊದಲ ಮೇಲಧಿಕಾರಿ ವೈದ್ಯಲಿಂಗಂ ಸಾರ್. ಗಟ್ಟಿಯಾಗಿ ಮಾತಾಡುವ ಮನುಷ್ಯ, ಆದರೆ ಕಾರ್ಖಾನೆಯೊಳಗೆ ಕಾಲಿಟ್ಟರೆ ಮೌನ. ಕಡಯಂಪಟ್ಟಿ ಹತ್ತಿರದ ಒಂದು ನೂಲಿನ ಗಿರಣಿಗೆ ನನ್ನನ್ನು ಕರೆದುಕೊಂಡು ಹೋದರು. ಊಟದ ಹೊತ್ತಿಗೆ ಯಂತ್ರಗಳೆಲ್ಲ ನಿಂತವು. ನಾನೂ ಡಬ್ಬಿ ತೆಗೆದೆ.

"ನೋಡಮ್ಮಾ, ಈಗಲ್ಲ ಊಟ" ಅಂದರು. "ಯಂತ್ರ ಓಡುವಾಗ ಸೋರಿಕೆ ಕಿವಿಗೆ ಬೀಳಲ್ಲ. ಈಗ ಕೇಳು."

ನಿಶ್ಶಬ್ದದಲ್ಲಿ ಗೋಡೆಗುಂಟ ಹೋದ ಗಾಳಿಯ ಪೈಪುಗಳೆಲ್ಲ ಹಾವಿನಂತೆ ಬುಸುಗುಡುತ್ತಿದ್ದವು. ಕಂಪ್ರೆಸರ್ ಹಗಲಿಡೀ ಕರೆಂಟು ತಿಂದು ಒತ್ತಿದ ಗಾಳಿ ಅಲ್ಲೆಲ್ಲ ಸುಮ್ಮನೆ ಹೊರಗೆ ಹೋಗುತ್ತಿತ್ತು. ಒಂದು ಪೈಪಿನ ತುದಿಯನ್ನು ಕೆಲಸದವರು ಬೇಕೆಂದೇ ಬಿಚ್ಚಿಟ್ಟಿದ್ದರು. ನೂಲಿನ ಧೂಳು ಮತ್ತು ಸೆಕೆ ತಡೆಯಲಾರದೆ ಮೈಗೆ ಗಾಳಿ ಬಿಟ್ಟುಕೊಳ್ಳುವುದಕ್ಕೆ. ಅದನ್ನು ಕೂಡಲೇ ಮುಚ್ಚಬೇಕೆಂದು ನಾನು ವರದಿಯಲ್ಲಿ ಬರೆದೆ. ಸಾರ್ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು.

"ಫ್ಯಾನ್ ಹಾಕಲಿ. ಆಮೇಲೆ ಪೈಪ್ ಮುಚ್ಚಲಿ. ಈ ಎರಡು ಸಾಲು ಅದಲುಬದಲಾದರೆ ಮುಂದಿನ ಸಲ ನಿನ್ನನ್ನು ಗೇಟಿನ ಒಳಗೆ ಯಾರೂ ಬಿಡಲ್ಲ."

ಆಗ ಅದನ್ನು ಜಾಣತನದ ಮಾತು ಅಂದುಕೊಂಡೆ, ಗೇಟಿನೊಳಗೆ ಹೋಗುವ ಉಪಾಯ ಎಂದು. ಅದು ನ್ಯಾಯದ ಮಾತೂ ಆಗಿತ್ತು ಎಂದು ತಿಳಿಯಲು ಬಹಳ ಕಾಲ ಹಿಡಿಯಿತು.

ಕಾಲ ಕಳೆದಂತೆ ಕೆಲಸದ ರೀತಿ ಬದಲಾಯಿತು. ಒಲೆಯ ಗೋಡೆಯ ಹತ್ತಿರ ಅಂಗೈ ಹಿಡಿದು ಶಾಖ ನೋಡುತ್ತಿದ್ದ ನಮ್ಮ ಕೈಗೆ ಕ್ಯಾಮೆರಾ ಬಂತು. ಕಾರಿಮಂಗಲಂ ಹತ್ತಿರ ಮಾವಿನ ರಸ ತೆಗೆಯುವ ಕಾರ್ಖಾನೆಯೊಂದರಲ್ಲಿ ನನ್ನ ಜೊತೆಗಿದ್ದ ಎಂಜಿನಿಯರ್ ಬಾಯ್ಲರಿನ ಚಿತ್ರ ತೆಗೆದು ಬಹಳ ಉತ್ಸಾಹದಿಂದ ತೋರಿಸಿದರು. ಶಾಖ ಹೊರಗೆ ಹೋಗದಂತೆ ಸುತ್ತಿದ ಹೊದಿಕೆ ಒಂದೇ ಅಳತೆಯ ಚೌಕಗಳಲ್ಲಿ ಹರಿದುಹೋಗಿತ್ತು. "ಇದು ತಯಾರಿಕೆಯ ದೋಷ, ಇಷ್ಟು ಕ್ರಮವಾಗಿ ತಾನಾಗಿಯೇ ಹರಿಯಲು ಸಾಧ್ಯವಿಲ್ಲ" ಅಂದರು. ಅರ್ಧ ಪುಟ ಬರೆದೂ ಆಗಿತ್ತು. ಊಟದ ಗಂಟೆ ಹೊಡೆದಾಗ ಕೆಲಸದವರು ಬಂದು, ನಾವು ಚಿತ್ರ ತೆಗೆದು ಹೋದ ಮೇಲೆ ಆ ಚೌಕಗಳ ಮೇಲೆ ಇಟ್ಟಿದ್ದ ತಮ್ಮ ತಮ್ಮ ಟಿಫಿನ್ ಡಬ್ಬಿಗಳನ್ನು ಎತ್ತಿಕೊಂಡು ಹೋದರು. ಬಿಸಿ ಸಾರಿನ ಪರಿಮಳ ನಮ್ಮ ಮೂಗಿಗೂ ಬಡಿಯಿತು. ಹೊದಿಕೆ ಸರಿಪಡಿಸಿ ಎಂದು ಬರೆದೆವು, ಜೊತೆಗೆ ಊಟ ಬಿಸಿ ಮಾಡಲು ಬೇರೆ ಜಾಗ ಕೊಡಿ ಎಂದೂ ಬರೆದೆವು.

ಆಮೇಲೆ ಮಾತೂ ಬದಲಾಯಿತು. ಮೊದಲು ನಾವು "ಉಳಿತಾಯ" ಅನ್ನುತ್ತಿದ್ದೆವು; ನಂತರ "ಇಂಗಾಲ" ಬಂತು. ಎರಡು ಸಾವಿರದ ಎಪ್ಪತ್ತನೇ ಇಸವಿಯ ಹೊತ್ತಿಗೆ ದೇಶ ಎಷ್ಟು ಇಂಗಾಲ ಹೊರಗೆ ಬಿಡುತ್ತದೋ ಅಷ್ಟನ್ನೂ ಹೀರಿಕೊಂಡು ಲೆಕ್ಕ ಸರಿದೂಗಿಸಬೇಕು ಎಂಬ ಗುರಿ ಘೋಷಣೆಯಾಯಿತು. ಮೆಟ್ಟೂರಿನ ಕಡೆ ಬಸ್ಸಿನಲ್ಲಿ ಹೋಗುವಾಗ ಕಲ್ಲಿದ್ದಲಿನ ಚಿಮಣಿಗಳನ್ನು ನೋಡಿದರೆ ಆ ಗುರಿ ನನಗೆ ಬಹಳ ದೂರ ಕಾಣುತ್ತಿತ್ತು. ಆದರೆ ಕಚೇರಿಯಲ್ಲಿ ಅದನ್ನು ಹತ್ತಿರ ತರುವ ಕೆಲಸ ನಮ್ಮ ಪಾಲಿಗೂ ಸ್ವಲ್ಪ ಬಂತು. ನಾನು ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಚಿಮಣಿ ನನ್ನ ಕೈಯಲ್ಲಿರಲಿಲ್ಲ, ಕೊಳಗಳು ಇದ್ದವು.

ಕೊಳ ಎಂದರೆ ಸಬ್ಬಕ್ಕಿ ಮಿಲ್ಲಿನ ಕೊಳ. ನಮ್ಮ ಕಡೆ ಸಬ್ಬಕ್ಕಿಗೆ ಜವ್ವರಿಸಿ ಅನ್ನುತ್ತಾರೆ. ಮರಗೆಣಸನ್ನು ತೊಳೆದು, ಅರೆದು, ಹಾಲು ಹಿಂಡಿ, ಹಿಟ್ಟು ತಳಕ್ಕಿಳಿದ ಮೇಲೆ ಉಳಿದ ನೀರನ್ನು ಹಿಂದಿನ ಕೊಳಕ್ಕೆ ಬಿಡುತ್ತಾರೆ. ಅದು ಕೊಳೆತು ಮೀಥೇನ್ ಅನಿಲ ಮೇಲೇಳುತ್ತದೆ. ಭೂಮಿಯನ್ನು ಕಾಯಿಸುವುದರಲ್ಲಿ ಅದು ಸಾಮಾನ್ಯ ಹೊಗೆಯ ಇಂಗಾಲಕ್ಕಿಂತ ಎಷ್ಟೋ ಪಟ್ಟು ಕೆಟ್ಟದ್ದು. ಮಿಲ್ಲಿನ ಮುಂದಿನ ಭಾಗದಲ್ಲಿ, ಹಿಟ್ಟಿನ ಕಾಳುಗಳನ್ನು ಹುರಿಯಲು ಲೋಡುಗಟ್ಟಲೆ ಕಟ್ಟಿಗೆ ಉರಿಸುತ್ತಾರೆ. ಹಿಂದೆ ಉರಿಯಬಲ್ಲ ಅನಿಲ ವ್ಯರ್ಥ, ಮುಂದೆ ಮರ ಬೂದಿ. ಕೊಳಕ್ಕೆ ತಳದಲ್ಲೊಂದು, ಮೇಲೊಂದು ದಪ್ಪ ಹಾಳೆ ಹಾಕಿ, ಅನಿಲ ಹಿಡಿದು, ಪೈಪಿನಲ್ಲಿ ಒಲೆಗೆ ತಂದರೆ ಎರಡೂ ತಪ್ಪುತ್ತವೆ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ನಾನು ಹಿಡಿದ ಕೆಲಸ ಇದು.

ಹರೂರಿನಿಂದ ಸ್ವಲ್ಪ ದೂರದ ಒಂದು ಹಳ್ಳಿಯಲ್ಲಿ ಮಾದೇಶಪ್ಪ ಎಂಬುವರ ಮಿಲ್ಲು. ಅಲ್ಲಿ ಮಾಲೀಕರೂ ಕನ್ನಡದವರು, ಕೆಲಸದವರಲ್ಲೂ ಬಹಳ ಜನ ಕನ್ನಡದವರು. ಅವರ ಕೊಳದ ನೀರು ಇಂಗಿ ಕೆಳಗಿನ ಬಾವಿಗಳೆಲ್ಲ ಕೆಟ್ಟಿದ್ದವು. ಬಾವಿಯವರು ಅರ್ಜಿ ಕೊಟ್ಟರು, ಮಿಲ್ಲು ನಿಂತಿತು. ಕೊಳದ ಏರ್ಪಾಡು ಸರಿಮಾಡಿ ತೋರಿಸಿದರೆ ಮಾತ್ರ ಮುಂದಿನ ಗೆಣಸಿನ ಹಂಗಾಮಿಗೆ ತೆರೆಯಬಹುದು ಎಂದು ಆದೇಶವಾಯಿತು. ಗೆಣಸು ಆಗಲೇ ಹೊಲದಲ್ಲಿ ಬಲಿಯುತ್ತಿತ್ತು.

ಈ ವಿಚಾರದಲ್ಲಿ ಅತ್ಯಂತ ಇಕ್ಕಟ್ಟಿನಲ್ಲಿದ್ದವರು ಕೆಂಪಮ್ಮ. ಅವರು ಒಲೆಮನೆಯಲ್ಲಿ ಜವ್ವರಿಸಿ ಹುರಿಯುವ ಹೆಂಗಸರಲ್ಲಿ ಹಿರಿಯರು. ಅವರ ಮನೆ ಕೊಳದ ಕೆಳಗೇ ಇತ್ತು. ಕೆಟ್ಟ ಬಾವಿಗಳಲ್ಲಿ ಮೊದಲನೆಯದು ಅವರದೇ. ಅರ್ಜಿಗೆ ಹೆಬ್ಬೆಟ್ಟು ಒತ್ತಿದವರಲ್ಲಿ ಅವರೂ ಇದ್ದರು. ಮಿಲ್ಲು ಹಾಗೇ ತೆರೆದರೆ ಬಾವಿ ಹೋಗುತ್ತದೆ. ಮುಚ್ಚಿಯೇ ಇದ್ದರೆ ಕೆಲಸ ಹೋಗುತ್ತದೆ.

ಊರಿನ ಜನಕ್ಕೆ ಅವರ ಮಾತಿನಲ್ಲೇ ತಿಳಿಸೋಣ ಎಂದು ನಾನು ಒಂದು ಕನ್ನಡ ಕರಪತ್ರ ಬರೆದೆ. ಬೆಂಗಳೂರಿನ ಪತ್ರಿಕೆಗಳಲ್ಲಿ ಆ ಎಪ್ಪತ್ತನೇ ಇಸವಿಯ ಗುರಿಗೆ "ನಿವ್ವಳ ಶೂನ್ಯ" ಎಂದು ಬರೆಯುತ್ತಾರೆ. ನಾನೂ ಅದನ್ನೇ ದೊಡ್ಡ ಅಕ್ಷರದಲ್ಲಿ ಹಾಕಿಸಿದೆ. ಅಪ್ಪ ಇದ್ದಿದ್ದರೆ ಒಂದೂ ಕಾಗುಣಿತ ತಪ್ಪಿಲ್ಲ ಎಂದು ಮೆಚ್ಚುತ್ತಿದ್ದರು. ಸಬ್ಬಕ್ಕಿ ಒಣಗಿಸುವ ಸಿಮೆಂಟಿನ ಕಣದಲ್ಲಿ ಜನ ಸೇರಿದರು. ಕರಪತ್ರ ಹಂಚಿದೆವು. ಎಲ್ಲರೂ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಮೇಡಮ್ಮಾ, ಇದು ತೆಲುಗಾ?" ಎಂದು ಒಬ್ಬರು ಕೇಳಿದರು.

ಅಲ್ಲಿ ಕನ್ನಡ ಆಡುವುದಕ್ಕೆ ಮಾತ್ರ. ಓದಿದವರೆಲ್ಲ ಓದಿದ್ದು ತಮಿಳು. ಒಬ್ಬರಿಗೂ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಬೇರೆ ದಾರಿ ಕಾಣದೆ ನಾನೇ ಗಟ್ಟಿಯಾಗಿ ಓದಲು ನಿಂತೆ. ಆಗಲೇ ಅನಾಹುತವಾದದ್ದು.

ಆ ಕಡೆಯ ಕನ್ನಡದಲ್ಲಿ ಪದದ ಮೊದಲ ಹಕಾರ ಉದುರಿಹೋಗುತ್ತದೆ. ಹೋಗು ಎಂಬುದು ಓಗು, ಹೊಗೆ ಎಂಬುದು ಒಗೆ, ಹೇಳು ಎಂಬುದು ಏಳು, ಹಳ್ಳ ಎಂಬುದು ಅಳ್ಳ. ಇನ್ನು "ಶೂನ್ಯ" ಅವರ ಕಿವಿಗೆ ತಮಿಳಿನ ದಾರಿಯಲ್ಲಿ ಹೋಗುತ್ತದೆ. ಸೂನಿಯ ಎಂದರೆ ಅಲ್ಲಿ ಮಾಟ. ನಾನು "ನಿವ್ವಳ ಶೂನ್ಯ" ಎಂದು ಓದಿದೆ. ಅವರಿಗೆ ಕೇಳಿಸಿದ್ದು "ನಿಮ್ಮಳ್ಳ ಸೂನಿಯ". ಮಿಲ್ಲಿನ ಪಕ್ಕದಲ್ಲೇ ಊರಿನ ಹಳ್ಳ ಹರಿಯುತ್ತದೆ.

ಮುಂದಿನ ಸಾಲಿನ ಹೆಂಗಸರು ತಲೆ ಹತ್ತಿರ ತಂದುಕೊಂಡರು.

"ಏನಂತೆ ಲೇ?"

"ನಿಮ್ಮಳ್ಳಕ್ಕೆ ಸೂನಿಯ ಇಕ್ತೀವಿ ಅಂತಾವ್ರೆ."

"ಅಯ್ಯೋ ಸಾಮಿ! ಓದಿಕೊಂಡವ್ರೂ ಇದ್ ಮಾಡ್ತಾರಾ?"

"ಓದಿಕೊಂಡವ್ರು ಕಾಗ್ದ ನೋಡ್ಕೊಂಡು ಮಾಡ್ತಾರೆ. ನಮ್ಮ ಪೂಸಾರಿಗೆ ಬಾಯಲ್ಲೇ ಬತ್ತದೆ."

ನನಗೆ ಪಿಸುಗುಟ್ಟುವುದು ಕೇಳುತ್ತಿತ್ತು, ಪದಗಳು ಕೇಳುತ್ತಿರಲಿಲ್ಲ. ಈ ಸಂಭಾಷಣೆಯನ್ನು ನನಗೆ ಆಮೇಲೆ ಹೇಳಿದವರು ಕೆಂಪಮ್ಮ. ಅವರು ಸ್ವಲ್ಪ ಖಾರ ಸೇರಿಸಿದ್ದರೂ ಸೇರಿಸಿರಬಹುದು. ಆ ದಿನ ಅವರು ಎದ್ದು ನಿಂತು ಕೇಳಿದ್ದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.

"ಮೇಡಮ್ಮಾ, ಎಪ್ಪತ್ತು ಎಪ್ಪತ್ತು ಅಂದ್ರಲ್ಲ, ಅದ್ಯಾವ ಎಪ್ಪತ್ತು?"

"ಎರಡು ಸಾವಿರದ ಎಪ್ಪತ್ತನೇ ಇಸವಿ, ಕೆಂಪಮ್ಮ."

"ಅಷ್ಟೊತ್ತಿಗೆ ನಾನೂ ಇರಾಕಿಲ್ಲ, ನೀವೂ ಇರಾಕಿಲ್ಲ. ನಾವಿಬ್ರೂ ಇಲ್ದಿರೋ ದಿವ್ಸದ ಮಾತು ಈಗ ಯಾಕೆ? ನನ್ನ ಬಾವಿಗೆ ಈ ವರ್ಸ ಏನ್ ಮಾಡ್ತೀರಾ, ಅದ ಏಳಿ."

ಜನ ನಕ್ಕರು. ನಾನೂ ನಕ್ಕೆ, ಸಭೆ ಚೆನ್ನಾಗಿಯೇ ಆಯಿತು ಅಂದುಕೊಂಡು ಸೇಲಂ ಬಸ್ಸು ಹತ್ತಿದೆ.

ಮರುವಾರ ಹಾಳೆ ಹಾಸುವ ತಂಡ ಲಾರಿಯಲ್ಲಿ ಬಂದಿಳಿದಾಗ ಕೊಳದ ಏರಿಯ ಉದ್ದಕ್ಕೂ ಕುಂಕುಮ ಹಚ್ಚಿದ ನಿಂಬೆಹಣ್ಣು, ಒಣಮೆಣಸಿನಕಾಯಿ, ಬೂದಿ. ಮಾಟಕ್ಕೆ ಯಾರೋ ಎದುರು ಕಟ್ಟಿದ್ದರು. ತಂಡದವರು ಲಾರಿಯಿಂದ ಒಂದು ಹಗ್ಗವನ್ನೂ ಇಳಿಸದೆ ಹೊರಟುಹೋದರು. ಮಾದೇಶಪ್ಪ ಫೋನು ಮಾಡಿದರು.

"ಮೇಡಂ, ನಿಮ್ಮ ಕಾಗ್ದ ನನ್ನ ಮಿಲ್ಲಿನ ಕೊರಳಿಗೆ ಬಂತು. ಅಳ್ಳಕ್ಕೆ ಸೂನಿಯ ಇಕ್ಕೋ ಮಿಲ್ಲು ಅಂತ ಊರೆಲ್ಲ ಮಾತಾಡ್ತಾವ್ರೆ. ಕೂಲಿಗೆ ಯಾರೂ ಬರಲ್ಲ ಅಂತಾರೆ. ಕೆಣಕಿ ಓಗಿಬಿಟ್ರಲ್ಲ!"

ಸೂನಿಯ ಎಂದರೇನೆಂದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಹುಟ್ಟಿದಾಗಿನಿಂದ ತಮಿಳು ಆಡುತ್ತಿದ್ದೇನೆ. ನನ್ನ ತಲೆಯಲ್ಲಿ ಶೂನ್ಯ ಒಂದು ಗೂಡಿನಲ್ಲಿ, ಸೂನಿಯ ಇನ್ನೊಂದು ಗೂಡಿನಲ್ಲಿ ಇದ್ದವು. ಎರಡೂ ಒಂದೇ ಪದ ಎಂದು ಅವತ್ತಿನವರೆಗೆ ಹೊಳೆದಿರಲಿಲ್ಲ.

ಆಗ ನನ್ನ ಮೇಲಧಿಕಾರಿ ನನಗಿಂತ ಚಿಕ್ಕ ವಯಸ್ಸಿನವರು, ಚುರುಕಾದವರು. "ಮೇಡಂ, ಹಾಳೆ ಬೇರೆ ಮಿಲ್ಲಿಗೆ ಹೋಗಲಿ. ನಮಗೆ ಕೊಳ ಮುಚ್ಚಿದ್ದು ಲೆಕ್ಕ, ಯಾರ ಕೊಳ ಅನ್ನೋದಲ್ಲ" ಅಂದರು. ತಪ್ಪಾಗಿ ಹೇಳಲಿಲ್ಲ ಅವರು. ಆಕಾಶಕ್ಕೆ ಯಾವ ಕೊಳವಾದರೇನು? ಆದರೆ ಆ ಬಾವಿಗೆ ಆ ಕೊಳವೇ ಬೇಕಿತ್ತು. ಹಾಳೆ ಒಮ್ಮೆ ಬೇರೆ ಕಡೆ ಹೋದರೆ ಈ ಮಿಲ್ಲು ಹಂಗಾಮಿಗೆ ತೆರೆಯುವುದಿಲ್ಲ ಎಂಬುದೂ ನಿಶ್ಚಯ. ಸ್ವಲ್ಪ ಕಾಲ ಕೊಡಿ ಎಂದು ಕೇಳಿಕೊಂಡು ನಾನು ಹರೂರಿಗೆ ಹೊರಟೆ. ಬಿಟ್ಟು ಬರುವ ಯೋಚನೆ ನನಗೆ ಬರಲಿಲ್ಲ ಎಂದು ದಿನಚರಿಯಲ್ಲಿದೆ. ಬಂದಿರಲೂಬಹುದು, ಬರೆಯದೆ ಬಿಟ್ಟಿರಬಹುದು.

ಕೆಂಪಮ್ಮ ಮನೆಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿ ಎದ್ದು ಬಾವಿಯ ಹತ್ತಿರ ಹೋಗಿ ಒಂದು ಕೊಡ ಸೇದಿ ತಂದು ಮುಂದಿಟ್ಟರು. ನೀರು ಚಹಾದ ಬಣ್ಣಕ್ಕಿತ್ತು. ವಾಸನೆಗೆ ನಾನು ಸೆರಗು ಮೂಗಿಗೆ ಹಿಡಿದೆ, ಕೂಡಲೇ ಇಳಿಸಿದೆ.

"ಇಡ್ಕೊಳ್ಳಿ ಇಡ್ಕೊಳ್ಳಿ, ಪರವಾಯಿಲ್ಲೈ. ನಾವೂ ಇಡ್ಕೊಂಡೇ ಬಟ್ಟೆ ಒಗೆಯೋದು."

"ಕೆಂಪಮ್ಮ, ನಾನು ಮಾಟದ ಮಾತು ಆಡಲಿಲ್ಲ. ಶೂನ್ಯ ಅಂದರೆ ಏನೂ ಇಲ್ಲದ್ದು. ಲೆಕ್ಕದಲ್ಲಿ ಬರುತ್ತಲ್ಲ, ಸೊನ್ನೆ."

"ಸೊನ್ನೆ ಅಂತ ಅನ್ನೋಕೇನಾಗಿತ್ತು ನಿಮ್ಗೆ? ಸೊನ್ನೆ ಅಂದ್ರೆ ಕೋಳಿಮೊಟ್ಟೆ. ಅದುಕ್ಕೆ ಯಾರು ಎದ್ರುತಾರೆ?" ಎಂದು ಕಾಯಿ ಸುಲಿಯಲು ಮತ್ತೆ ಕೂತರು. "ನಾನೇನು ಸೂನಿಯ ಅಂತ ನಂಬ್ಲಿಲ್ಲ. ನಿಂಬೆಅಣ್ಣು ಇಕ್ಕಿದ್ದು ಯಾರು ಅಂತಾನೂ ಗೊತ್ತು. ಏಳಾಕಿಲ್ಲ."

"ನಂಬದೆ ಇದ್ದರೆ ಅವರಿಗೆ ಯಾಕೆ ತಿಳಿಸಿ ಹೇಳಲಿಲ್ಲ?"

ಅವರು ಸುಲಿದ ಕಾಳನ್ನು ಮೊರದ ಒಂದು ಬದಿಗೆ ಸರಿಸಿದರು. ಆಮೇಲೆ ಹೇಳಿದರು: "ಗ್ಯಾಸ್ ಬಂದ್ರೆ ಮೊದಲಾಳಿ ಜವ್ವರಿಸಿ ಉರಿಯೋ ಮೆಸಿನ್ ತರ್ತಾರಂತೆ. ದೊಡ್ಡ ಡ್ರಮ್ಮು. ಅದೇ ತಿರುಗ್ತದಂತೆ, ಅದೇ ಉರೀತದಂತೆ. ಎಂಗಸ್ರು ಬೇಡ. ನೀವು ಸೊನ್ನೆ ಮಾಡ್ತೀವಿ ಅಂತೀರಲ್ಲ ಮೇಡಮ್ಮಾ, ಸೊನ್ನೆ ಆಗೋದು ಯಾವ್ದು? ಒಗೆನಾ, ನಾವಾ?"

ಡ್ರಮ್ಮಿನ ಸುದ್ದಿ ನನಗೆ ಹೊಸದು. ಮೊದಲಾಳಿ ಎಂದರೆ ಮಾಲೀಕರು; ನೇರ ಮಿಲ್ಲಿಗೆ ಹೋಗಿ ಮಾದೇಶಪ್ಪನವರನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ. ಕೊಯಮತ್ತೂರಿನಲ್ಲಿ ಒಂದು ಯಂತ್ರ ನೋಡಿ ಬಂದಿದ್ದರು.

"ಮೇಡಂ, ಆ ಎಂಗಸ್ರೆಲ್ಲ ಒಗೇಲಿ ಕಣ್ಣು ಕಳ್ಕೊತಾವ್ರೆ. ನಾನು ಒಳ್ಳೇದೇ ಮಾಡ್ತಿದೀನಿ ಅಂದ್ಕೊಂಡಿದ್ದೆ."

"ಅವರನ್ನು ಕೇಳಿದಿರಾ?"

"ಕೇಳಿದ್ರೆ ಬೇಡ ಅಂತಾರಲ್ಲ!"

"ಹಾಗಾದರೆ ಉತ್ತರ ನಿಮಗೆ ಗೊತ್ತಿತ್ತು."

ಅವರು ಕತ್ತು ಕೆರೆದುಕೊಂಡರು. ನಾನು ಅವರ ಮೇಜಿನ ಮೇಲೇ ಲೆಕ್ಕ ಬಿಡಿಸಿದೆ. ಕೊಳದ ಅನಿಲ ಎಲ್ಲ ದಿನವೂ ಒಂದೇ ಸಮ ಬರುವುದಿಲ್ಲ. ಚಳಿಗೆ ಕಡಿಮೆ, ಗೆಣಸು ಹೆಚ್ಚು ಬಂದ ವಾರ ಹೆಚ್ಚು. ಡ್ರಮ್ಮಿಗೆ ಎಡೆಬಿಡದೆ ಒಂದೇ ಶಾಖ ಬೇಕು, ಅನಿಲ ಕಡಿಮೆಯಾದ ದಿನ ಮತ್ತೆ ಕಟ್ಟಿಗೆ ತುಂಬಬೇಕು. ಸಾಲು ಒಲೆಗಳಾದರೆ ಅನಿಲ ಇದ್ದಷ್ಟು ಹಚ್ಚಿ ಉಳಿದವನ್ನು ಆರಿಸಬಹುದು. ಇದೆಲ್ಲ ನಿಜ. ಇನ್ನೊಬ್ಬ ಎಂಜಿನಿಯರ್ ಇದೇ ಅಂಕಿಗಳನ್ನು ಇಟ್ಟುಕೊಂಡು ಡ್ರಮ್ಮೇ ಸರಿ ಎಂದು ವಾದಿಸಬಹುದಿತ್ತು ಎಂಬುದೂ ನಿಜ. ಲೆಕ್ಕ ಎರಡು ದಾರಿ ತೋರಿಸಿದಾಗ ಯಾವುದನ್ನು ಹಿಡಿಯಬೇಕೆಂದು ನಾನು ಓದಿದ ಯಾವ ಪಠ್ಯದಲ್ಲೂ ಇರಲಿಲ್ಲ. ನಾನು ಒಲೆಗಳನ್ನು ಹಿಡಿದೆ. ವರದಿಗೆ ಸಹಿ ಹಾಕುವುದಾದರೆ ಹೀಗೇ ಹಾಕುತ್ತೇನೆ ಎಂದು ಹೇಳಿದೆ. ಮಾದೇಶಪ್ಪ ಕಿಟಕಿಯಾಚೆಯ ಗೆಣಸಿನ ಹೊಲ ನೋಡಿದರು, ನನ್ನನ್ನು ನೋಡಿದರು.

"ಸರಿ. ಒಲೆನೇ ಇರ್ಲಿ" ಅಂದರು.

"ನನಗೆ ಹೇಳಿದರೆ ಸಾಲದು."

ಮತ್ತೆ ಕಣದಲ್ಲಿ ಜನ ಸೇರಿದರು. ಈ ಸಲ ಕಾಗದ ಇರಲಿಲ್ಲ. ಕೊಳೆತ ನೀರಿನಿಂದ ಏಳುವ ಗಾಳಿ ಹೊತ್ತಿಕೊಳ್ಳುತ್ತದೆ, ಅದನ್ನು ಹಾಳೆಯಲ್ಲಿ ಹಿಡಿದು ಒಲೆಗೆ ತರುತ್ತೇವೆ, ತಳದ ಹಾಳೆಯಿಂದ ನೀರು ಬಾವಿಗೆ ಇಂಗುವುದು ನಿಲ್ಲುತ್ತದೆ, ಒಲೆಮನೆಯಲ್ಲಿ ಹೊಗೆ ಸೊನ್ನೆ ಎಂದು ಹೇಳಿ ಕೂತೆ. ಮಾದೇಶಪ್ಪ ಎದ್ದರು.

"ಒಲೆ ಇರ್ತದೆ. ಒಲೆ ಮುಂದೆ ನೀವೇ ಇರ್ತೀರಿ. ಕಟ್ಟಿಗೆ ಮಾತ್ರ ಇರಾಕಿಲ್ಲ."

"ತಮಿಳಲ್ಲೂ ಏಳಿ ಮೊದಲಾಳಿ" ಅಂದರು ಕೆಂಪಮ್ಮ.

"ಯಾಕೆ? ಕನ್ನಡ ಅರ್ಥ ಆಗ್ಲಿಲ್ವಾ?"

"ನಮಗೆ ಆಯ್ತು. ನಾಳೆ ನಿಮಗೆ ಕನ್ನಡ ಮರೆತೋದ್ರೆ?"

ಕಣವೆಲ್ಲ ನಗುವಾಯಿತು. ಮಾದೇಶಪ್ಪ ತಮಿಳಿನಲ್ಲೂ ಹೇಳಿದರು. ಆ ವಾರವೇ ಏರಿಯ ಮೇಲಿದ್ದ ನಿಂಬೆಹಣ್ಣುಗಳು ಕಾಣೆಯಾದವು. ಯಾರು ತೆಗೆದರೆಂದು ನಾನು ಕೇಳಲಿಲ್ಲ. ಹಾಳೆಯ ತಂಡ ಮತ್ತೆ ಬಂತು.

ಹಳೆಯ ನೀರನ್ನು ಪಕ್ಕದ ಗುಂಡಿಗೆ ಹಾಯಿಸಿ, ತಳಕ್ಕೆ ಹಾಳೆ ಹಾಸಿ, ಮತ್ತೆ ತುಂಬಿಸಿದೆವು. ಅನಿಲ ಬೇಗ ಹುಟ್ಟಲು ಸಗಣಿ ಬೇಕು. ಊರಿನ ಹೆಂಗಸರು ಬುಟ್ಟಿಗಳಲ್ಲಿ ತಂದು ಸುರಿದರು. ಮೇಲಿನ ಕಪ್ಪು ಹಾಳೆ ನಿಧಾನವಾಗಿ ಮೇಲೆದ್ದಿತು.

"ಏನ್ಲೇ ಇದು, ಒಟ್ಟೆ ಉಬ್ಬಿದ ಎಮ್ಮೆ ಮಲಗ್ದಂಗೈತೆ!"

"ಮೇಡಮ್ಮನ ಕೇಳು, ಯಾವಾಗ ಕರು ಆಕ್ತದೆ ಅಂತ."

ಮೊದಲ ಸಲ ಕಡ್ಡಿ ಗೀರಿದಾಗ ಕರು ಹಾಕಲಿಲ್ಲ. ಕಡ್ಡಿ ನಂದಿತು. ಇನ್ನೊಂದು ಗೀರಿದೆವು, ಅದೂ ನಂದಿತು. ಶುರುವಿನ ಅನಿಲ ಉರಿಯದು, ಅದನ್ನು ಬಿಟ್ಟು ಕಾಯಬೇಕು ಎಂದು ನನಗೆ ಗೊತ್ತಿತ್ತು. ಇಷ್ಟು ದಿನ ಕಾಯಬೇಕಾದೀತೆಂದು ಗೊತ್ತಿರಲಿಲ್ಲ.

"ನಿಮ್ಮ ಸೊನ್ನೆ ಸೊನ್ನೆಯಾಗೇ ಐತಲ್ಲ ಮೇಡಮ್ಮಾ" ಅಂದರು ಕೆಂಪಮ್ಮ. ಈ ಸಲ ಅವರ ದನಿಯಲ್ಲಿ ತಮಾಷೆ ಅರ್ಧ ಮಾತ್ರ ಇತ್ತು. ಆಗಲೇ ಗೆಣಸು ಕೀಳುವ ಕೆಲಸ ಅಕ್ಕಪಕ್ಕದ ಹೊಲಗಳಲ್ಲಿ ಶುರುವಾಗಿತ್ತು. ಕಿತ್ತ ಗೆಣಸು ಇಟ್ಟರೆ ಕೆಡುತ್ತದೆ. ಈ ಮಿಲ್ಲು ತೆರೆಯದಿದ್ದರೆ ಬೇರೆ ಕಡೆಗೆ ಹೋಗುತ್ತದೆ, ಅದರ ಹಿಂದೆ ಕೆಲಸವೂ ಹೋಗುತ್ತದೆ. ಮಾಲಿನ್ಯ ನಿಯಂತ್ರಣದ ಅಧಿಕಾರಿ ಬರುವ ದಿನ ಗೊತ್ತಾಗಿತ್ತು. ನಾನು ರಜೆ ಹಾಕಿ ಹರೂರಿನಲ್ಲೇ ಒಂದು ಕೋಣೆ ಹಿಡಿದೆ. ದಿನವೂ ಬೆಳಿಗ್ಗೆ ಹೋಗಿ ಕೊಳದ ಹುಳಿ ನೋಡುವುದು, ಹುಳಿ ಹೆಚ್ಚಿದ್ದರೆ ಸುಣ್ಣದ ನೀರು ಬಿಡುವುದು, ಕೆಟ್ಟ ಅನಿಲ ಹೊರಗೆ ಬಿಡುವುದು, ಕಡ್ಡಿ ಗೀರುವುದು. ಮೇಲಧಿಕಾರಿ ಎರಡು ಸಲ ಫೋನು ಮಾಡಿದರು. ಎರಡನೇ ಸಲ ನಾನು ಸ್ವಲ್ಪ ಒರಟಾಗಿ ಮಾತಾಡಿದೆ ಅನ್ನಿಸುತ್ತದೆ. ಅವರು ಈಗಲೂ ಅದನ್ನು ಬೇರೆಯವರಿಗೆ ನಗುತ್ತಾ ಹೇಳುತ್ತಾರಂತೆ.

ಹೊತ್ತಿಕೊಂಡದ್ದು ಒಂದು ಮಧ್ಯಾಹ್ನ, ಒಲೆಮನೆಯಲ್ಲಿ. ಕಡ್ಡಿ ಹಿಡಿದಿದ್ದವರು ಕೆಂಪಮ್ಮ. ಪಕ್ ಎಂಬ ಸದ್ದಾಯಿತು, ಆಮೇಲೆ ಏನೂ ಕಾಣಲಿಲ್ಲ. ಬಾಗಿಲಿನಿಂದ ಒಳಗೆ ಬೀಳುವ ಬಿಸಿಲಿಗೆ ನೀಲಿ ಉರಿ ಕಾಣದು.

"ಎಲ್ಲೈತೆ? ಎಲ್ಲೂ ಇಲ್ವಲ್ಲ?" ಎಂದು ಕೈ ಚಾಚಿದವರು ಚಟ್ಟನೆ ಹಿಂದಕ್ಕೆಳೆದುಕೊಂಡರು. "ಐತೆ! ಐತೆ ಕಣ್ರೇ! ಸುಡ್ತದೆ!"

ಆ ಕೂಗಿಗೆ ಕಣದಲ್ಲಿದ್ದವರೆಲ್ಲ ಒಳಗೆ ನುಗ್ಗಿದರು. ಒಬ್ಬೊಬ್ಬರೂ ಕೈ ಚಾಚಿ, ಸುಟ್ಟುಕೊಂಡು, ನಕ್ಕು ಹೋದರು. ಹೊಗೆ ಇಲ್ಲದ ಒಲೆಯ ಅಂದಾಜು ಸಿಗದೆ, ಉಳಿದಿದ್ದ ಹಳೆಯ ಹಿಟ್ಟಿನಿಂದ ಮಾಡಿದ ಮೊದಲ ಬಾಣಲೆಯ ಜವ್ವರಿಸಿ ಕಪ್ಪಗೆ ಸೀದುಹೋಯಿತು. ಅದನ್ನು ಹಸುಗಳಿಗೆ ಹಾಕಿದರು. ಅಧಿಕಾರಿ ಬಂದ ದಿನಕ್ಕೆ ಕಾಳು ಬೆಳ್ಳಗೆ ಬಂತು. ಅವರು ಕೊಳ ನೋಡಿದರು, ತಳದ ಹಾಳೆಯ ಅಂಚು ನೋಡಿದರು, ಒಲೆಮನೆಯಲ್ಲಿ ಬಹಳ ಹೊತ್ತು ನಿಂತರು. ಮಿಲ್ಲು ಹಂಗಾಮಿಗೆ ತೆರೆಯಿತು.

ಬಾವಿ ಮಾತ್ರ ಹಾಗೇ ಇತ್ತು. ನಾನು ನಿವೃತ್ತಳಾಗುವ ಮೊದಲು ಕೊನೆಯ ಸಲ ಹೋದಾಗ ಕೆಂಪಮ್ಮ ಮತ್ತೆ ಒಂದು ಕೊಡ ಸೇದಿದರು. ಬಣ್ಣ ಇಳಿದಿತ್ತು, ವಾಸನೆ ಪೂರ್ತಿ ಹೋಗಿರಲಿಲ್ಲ.

"ಕುಡೀಬೋದಾ?"

ಹೌದು ಎನ್ನಲು ನನಗೆ ಬಹಳ ಆಸೆಯಾಯಿತು. "ಬೇಡ. ಇಷ್ಟು ವರ್ಷ ಇಂಗಿದ್ದು ಒಂದು ಹಂಗಾಮಿಗೆ ಹೋಗಲ್ಲ. ಒಂದು ಮಳೆಗಾಲ ಕಳೆಯಲಿ. ಪರೀಕ್ಷೆ ಮಾಡಿಸೋಣ."

ಅವರು ಕೊಡವನ್ನು ಅಲ್ಲೇ ನೆಲಕ್ಕೆ ಬಗ್ಗಿಸಿದರು. "ಆಯ್ತು. ಮಳೆ ಓಗ್ಲಿ. ಆಮೇಲೂ ಬೇಡ ಅಂದ್ರೆ ಈ ನೀರು ತಂದು ನಿಮ್ಮ ಮನೇಲೇ ಸುರೀತೀನಿ."

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬಹುದಾದದ್ದು ಇಷ್ಟೇ. ದೇಶದ ಲೆಕ್ಕ ಸೊನ್ನೆಗೆ ಬರುವ ದಿನವನ್ನು ನಿಮ್ಮಲ್ಲಿ ಕೆಲವರು ನೋಡಬಹುದು, ನಾನಂತೂ ನೋಡುವುದಿಲ್ಲ. ಅದು ಬಂದೇ ಬರುತ್ತದೆ ಎಂದು ಪ್ರಮಾಣ ಮಾಡುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ಅದಕ್ಕಾಗಿ ಮಾಡುವ ಪ್ರತಿಯೊಂದು ಕೆಲಸದಲ್ಲೂ ಯಾವುದು ಸೊನ್ನೆಯಾಗುತ್ತದೆ, ಯಾರು ಉಳಿಯುತ್ತಾರೆ ಎಂದು ಒಬ್ಬರು ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧವಿಲ್ಲದೆ ಹೋಗಬೇಡಿ. ಉತ್ತರವನ್ನು ಅವರು ಆಡುವ ಮಾತಿನಲ್ಲಿ ಹೇಳಿ, ಮೊದಲು ಒಬ್ಬರ ಮುಂದೆ ಓದಿ ಅವರಿಗೆ ಏನು ಕೇಳಿಸಿತು ಎಂದು ವಿಚಾರಿಸಿಕೊಳ್ಳಿ.

ಐಪ್ಪಸಿ ತಿಂಗಳ ಹಿಂಗಾರು ಮಳೆ ಮುಗಿದ ಮೇಲೆ ನನ್ನ ಹಳೆಯ ಸಹೋದ್ಯೋಗಿಗಳು ಆ ಬಾವಿಗಳ ನೀರನ್ನು ಪರೀಕ್ಷೆ ಮಾಡಿಸಿ ಫಲಿತಾಂಶ ನನಗೂ ಕಳಿಸಿದರು. ಕುಡಿಯಲು ಯೋಗ್ಯ ಎಂದಿತ್ತು. ಫೋನಿನಲ್ಲಿ ಕೆಂಪಮ್ಮನಿಗೆ ಓದಿ ಹೇಳಿದೆ. "ಸರಿ" ಎಂದಷ್ಟೇ ಅಂದು ಇಟ್ಟುಬಿಟ್ಟರು. ಎರಡು ದಿನ ಬಿಟ್ಟು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು, ಬಸ್ಸಿನ ಧೂಳು ಮೆತ್ತಿದ ಸೀರೆಯಲ್ಲಿ. ಬ್ಯಾಗಿನಿಂದ ಒಂದು ದೊಡ್ಡ ಬಾಟಲಿ ತೆಗೆದು ಊಟದ ಮೇಜಿನ ಮೇಲಿಟ್ಟರು.

"ಬಾವಿ ನೀರು. ನಾನಿನ್ನೂ ಕುಡ್ದಿಲ್ಲ" ಅಂದರು. "ರಿಪೋಟು ಓದಿದ್ದು ನೀವು. ನೀವು ಮೊದ್ಲು ಕುಡೀರಿ."

ಎರಡು ಲೋಟ ತಂದೆ. ಅವರೇ ತುಂಬಿಸಿದರು. ನಾನು ಕುಡಿಯುವಾಗ ನನ್ನ ಗಂಟಲನ್ನೇ ನೋಡುತ್ತಿದ್ದರು. ಲೋಟ ಖಾಲಿ ಮಾಡಿ ಕೆಳಗಿಟ್ಟೆ. ಆಮೇಲೆ ಅವರು ತಮ್ಮದನ್ನು ಎತ್ತಿಕೊಂಡು ಒಂದು ಗುಟುಕು ಬಾಯಲ್ಲೇ ಇಟ್ಟುಕೊಂಡು ಅತ್ತಿತ್ತ ಆಡಿಸಿ ನುಂಗಿದರು.

"ಏನೂ ರುಚಿ ಇಲ್ಲ, ಅಲ್ವಾ?"

"ಇಲ್ಲ."

"ವಾಸ್ನೆ?"

"ಅದೂ ಇಲ್ಲ."

ಉಳಿದದ್ದನ್ನು ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಲೋಟವನ್ನು ನನ್ನ ಮುಂದೆ ಚಾಚಿದರು.

"ಇನ್ನೊಂದು ಉಯ್ರಿ."